ಗುಂಡಿನ ಸುತ್ತ ಬೆಳೆದ ನಂಬಿಕೆಗಳು

ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಬಂದರೆ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟುಗಳ ಜೊತೆಗೆ ಟವೆಲಿನಲ್ಲಿ ಸುತ್ತಿದ ಒಂದು ಬಾಟಲಿಯೂ ಬರುವುದುಂಟು. ಮೊದಲೆಲ್ಲ ಅದು ಸ್ಕಾಚೇ ಆಗಿರುತ್ತಿತ್ತು. ಈಚೆಗೆ ಆ ಜಾಗಕ್ಕೆ ಅಮೆರಿಕದ ವಿಸ್ಕಿಯಾದ ಬೋರ್ಬನ್ ಬಂದು ಕೂತಿದೆ. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೋರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿದ ಮೇಲಂತೂ ಅದರ ಹೆಸರು ಇನ್ನಷ್ಟು ಜನರ ಬಾಯಿಗೆ ಬಿದ್ದಿದೆ. ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಸುತ್ತ ಕೂತವರ ಬುದ್ಧಿವಾದವೂ ಶುರು. ನೀರು ಹಾಕಬೇಡಿ, ಕೆಟ್ಟುಹೋಗುತ್ತೆ. ಹನ್ನೆರಡು ವರ್ಷದ್ದಲ್ಲವಾ, ಹಾಗಾದರೆ ಸುಮಾರು. ನೆಗಡಿಗೆ ಒಳ್ಳೆಯದು, ಒಂದು ಹಾಕಿ.

ಈ ಮಾತುಗಳನ್ನು ಕೇಳುತ್ತ ಬಂದವನಿಗೆ ಇವುಗಳಲ್ಲಿ ಎರಡು ಜಾತಿ ಕಾಣುತ್ತದೆ. ಒಂದು, ಬಾಟಲಿಯ ದೊಡ್ಡಸ್ತಿಕೆಯನ್ನು ಏರಿಸುವಂಥದ್ದು. ಇನ್ನೊಂದು, ಅದರ ಅಪಾಯವನ್ನು ಇಳಿಸುವಂಥದ್ದು. ಮೊದಲನೆಯದರಿಂದ ಜೇಬಿಗೆ ಪೆಟ್ಟು, ಎರಡನೆಯದರಿಂದ ಮೈಗೆ. ಕುಡಿಯದವರು ಇದನ್ನೋದಿ ಶುರುಮಾಡಲಿ ಅನ್ನುವ ಉದ್ದೇಶ ನನಗಿಲ್ಲ. ಮನೆಯಲ್ಲಿ ಕೂತು ಅಪರೂಪಕ್ಕೆ ಒಂದು ಗ್ಲಾಸು ಹಿಡಿಯುವವರು ಏನು ಹಿಡಿದಿದ್ದೇವೆಂದು ತಿಳಿದು ಹಿಡಿಯಲಿ, ಅಷ್ಟೆ.

“ಬೋರ್ಬನ್ ಅಂದರೆ ಕೆಂಟಕಿಯದ್ದು, ಬೇರೆ ಕಡೆಯದ್ದು ನಕಲಿ”

ಜಗತ್ತಿನ ಬೋರ್ಬನ್‌ನಲ್ಲಿ ಬಹುಪಾಲು ತಯಾರಾಗುವುದು ಕೆಂಟಕಿ ರಾಜ್ಯದಲ್ಲೇ, ನಿಜ. ಆದರೆ ಕಾನೂನಿನ ಪ್ರಕಾರ ಅದು ಅಮೆರಿಕದಲ್ಲಿ ತಯಾರಾಗಿದ್ದರೆ ಸಾಕು. 1964ರಲ್ಲಿ ಅಲ್ಲಿನ ಸಂಸತ್ತು ಬೋರ್ಬನ್ ಅಮೆರಿಕದ ವಿಶಿಷ್ಟ ಉತ್ಪನ್ನವೆಂದು ನಿರ್ಣಯ ಮಾಡಿತು. ಟೆಕ್ಸಾಸ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ಮಾಡಿದ ಬೋರ್ಬನ್ನೂ ಅಸಲಿ ಬೋರ್ಬನ್ನೇ.

ಊರಿಗಿಂತ ಮುಖ್ಯವಾದದ್ದು ಉಳಿದ ಷರತ್ತುಗಳು. ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳ ಇರಬೇಕು. ಪೀಪಾಯಿಗೆ ತುಂಬುವಾಗ ಮದ್ಯಸಾರ ಶೇ. 62.5 ಮೀರಬಾರದು, ಬಾಟಲಿಗೆ ಬರುವಾಗ ಶೇ. 40ಕ್ಕಿಂತ ಕೆಳಗಿಳಿಯಬಾರದು. ಬಣ್ಣ, ಸುವಾಸನೆ ಯಾವುದನ್ನೂ ಬೆರೆಸುವಂತಿಲ್ಲ. ಮತ್ತು ಪೀಪಾಯಿ ಹೊಸದಾಗಿರಬೇಕು, ಒಳಮೈ ಸುಟ್ಟ ಓಕ್ ಮರದ್ದಾಗಿರಬೇಕು.

ಈ ಕೊನೆಯ ಷರತ್ತಿನ ಫಲ ನಮ್ಮೂರಿನವರೆಗೂ ಹರಿದುಬಂದಿದೆ. ಒಮ್ಮೆ ಬೋರ್ಬನ್ ತುಂಬಿದ ಪೀಪಾಯಿಗೆ ಮತ್ತೆ ಬೋರ್ಬನ್ ತುಂಬುವಂತಿಲ್ಲವಾದ್ದರಿಂದ ಖಾಲಿಯಾದವು ರಾಶಿರಾಶಿಯಾಗಿ ಮಾರಾಟಕ್ಕೆ ಬರುತ್ತವೆ. ಸ್ಕಾಟ್ಲೆಂಡಿನ ಭಟ್ಟಿಗಳು ಅವನ್ನೇ ನಂಬಿಕೊಂಡಿವೆ. ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿಯ ಸಿಂಗಲ್ ಮಾಲ್ಟ್ ಮಾಗುವುದೂ ಹೆಚ್ಚಾಗಿ ಇಂಥ ಪೀಪಾಯಿಗಳಲ್ಲೇ. ಅಮೃತ್ ಕುಡಿದು ಅದರಲ್ಲಿ ವೆನಿಲಾ ವಾಸನೆ ಕಂಡವರು ಬೋರ್ಬನ್ ಬಾಟಲಿ ತೆರೆಯುವ ಮೊದಲೇ ಅದರ ಪೀಪಾಯಿಯ ಪರಿಚಯ ಮಾಡಿಕೊಂಡಂತಾಯಿತು.

ಜ್ಯಾಕ್ ಡೇನಿಯಲ್ಸ್ ಬೋರ್ಬನ್ನಾ ಅಂತ ಯಾರಾದರೂ ಕೇಳಿದರೆ ಜಗಳಕ್ಕಿಳಿಯಬೇಡಿ. ಬೋರ್ಬನ್ನಿಗೆ ಬೇಕಾದ ಷರತ್ತುಗಳು ಹೆಚ್ಚುಕಡಿಮೆ ಅದರಲ್ಲಿವೆ. ಪೀಪಾಯಿಗೆ ಹಾಕುವ ಮೊದಲು ಮೇಪಲ್ ಮರದ ಇದ್ದಿಲಿನಲ್ಲಿ ಸೋಸುತ್ತಾರೆ, ತಮ್ಮದನ್ನು ಟೆನೆಸಿ ವಿಸ್ಕಿ ಎಂದೇ ಕರೆದುಕೊಳ್ಳುತ್ತಾರೆ. ಇನ್ನು ನಮ್ಮ ಬೋರ್ಬನ್ ಬಿಸ್ಕತ್ತಿಗೂ ಇದಕ್ಕೂ ಸಂಬಂಧವೇ ಇಲ್ಲ, ಮಕ್ಕಳ ಡಬ್ಬಿಗೆ ನಿಶ್ಚಿಂತೆಯಿಂದ ಹಾಕಿ.

“ವಯಸ್ಸಾದಷ್ಟೂ ಒಳ್ಳೆಯದು”

ಅಂಗಡಿಯ ಕಪಾಟಿನಲ್ಲಿ ಹತ್ತು, ಹನ್ನೆರಡು, ಹದಿನೆಂಟು ಅಂತ ಅಂಕಿ ಏರಿದಂತೆ ಬೆಲೆಯೂ ಏರುವುದನ್ನು ನೋಡಿ ರುಚಿಯೂ ಹಾಗೇ ಏರುತ್ತದೆಂದು ಲೆಕ್ಕ ಹಾಕುತ್ತೇವೆ. ಆ ಲೆಕ್ಕ ಸ್ಕಾಟ್ಲೆಂಡಿನದ್ದು. ಅಲ್ಲಿ ಚಳಿ, ಪೀಪಾಯಿ ಹಳೆಯದು, ಮರ ತನ್ನ ಸಾರವನ್ನು ಚೂರುಚೂರೇ ಬಿಡುತ್ತದೆ. ಕೆಂಟಕಿಯಲ್ಲಿ ಬೇಸಿಗೆ ಬಿಸಿ, ಪೀಪಾಯಿ ಹೊಸದು. ಸೆಕೆಗೆ ದ್ರವ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿ ಮರದ ಬಣ್ಣ, ಸಿಹಿ, ಒಗರುಗಳನ್ನು ಹೊತ್ತು ಹೊರಬರುತ್ತದೆ. ನಾಲ್ಕರಿಂದ ಎಂಟು ವರ್ಷದೊಳಗೆ ಎಷ್ಟೋ ಬೋರ್ಬನ್‌ಗಳು ಹದಕ್ಕೆ ಬಂದಿರುತ್ತವೆ. ಇಪ್ಪತ್ತು ದಾಟಿಸಿದರೆ ಬಹಳ ಸಲ ಉಳಿಯುವುದು ಮರದ ಒಗರು, ಜೊತೆಗೆ ಬೆಲೆ.

ಮಾಗುವಾಗ ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗವನ್ನು ಭಟ್ಟಿಯವರು ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ಬೆಂಗಳೂರಿನಲ್ಲಿ ಶೇ. 10ರ ಮೇಲೆ. 200 ಲೀಟರಿನ ಪೀಪಾಯಿ ಇಟ್ಟು ಎಂಟು ವರ್ಷ ಕಾದರೆ ಅಲ್ಲಿ 170 ಲೀಟರಿನಷ್ಟು ಉಳಿದೀತು, ಇಲ್ಲಿ 86 ಲೀಟರ್ ಸಿಕ್ಕರೆ ಪುಣ್ಯ. ಅಮೃತ್‌ನವರು ತಮ್ಮ ಎಂಟು ವರ್ಷದ ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’ ಅಂತ ಹೆಸರಿಟ್ಟದ್ದು ಈ ಸಂಕಟಕ್ಕೇ. 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಚ್‌ನ ತವರಾದ ಗ್ಲಾಸ್ಗೋದಲ್ಲಿ. ಮುಂದೆ 2010ರ ‘ವಿಸ್ಕಿ ಬೈಬಲ್’ನಲ್ಲಿ ವಿಮರ್ಶಕ ಜಿಮ್ ಮರ್ರಿ ಅಮೃತ್‌ನ ‘ಫ್ಯೂಷನ್’ಗೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟರು. ಆ ಬಾಟಲಿಯ ಮೇಲೆ ವಯಸ್ಸಿನ ಅಂಕಿಯೇ ಇರಲಿಲ್ಲ.

ಲೇಬಲ್ಲಿನಲ್ಲಿ ಅಂಕಿಗಿಂತ ಓದಬೇಕಾದ ಮಾತುಗಳು ಬೇರೆ ಇವೆ. ‘ಸ್ಟ್ರೇಟ್’ ಅಂತ ಇದ್ದರೆ ಕನಿಷ್ಠ ಎರಡು ವರ್ಷ ಮಾಗಿದೆ ಎಂದರ್ಥ. ನಾಲ್ಕು ವರ್ಷ ತುಂಬದಿದ್ದರೆ ವಯಸ್ಸನ್ನು ನಮೂದಿಸಲೇಬೇಕು. ‘ಬಾಟಲ್ಡ್ ಇನ್ ಬಾಂಡ್’ ಅನ್ನುವುದು 1897ರ ಕಾಯಿದೆಯಿಂದ ಬಂದದ್ದು. ಆಗಿನ ಕೆಲವು ವ್ಯಾಪಾರಿಗಳು ಕಚ್ಚಾ ಸ್ಪಿರಿಟ್ಟಿಗೆ ಹೊಗೆಸೊಪ್ಪಿನ ರಸದಂಥದ್ದನ್ನೆಲ್ಲ ಬೆರೆಸಿ ಹಳೆಯ ವಿಸ್ಕಿ ಅಂತ ಮಾರುತ್ತಿದ್ದರು. ಅದನ್ನು ತಡೆಯಲು ಸರ್ಕಾರ ಖಾತ್ರಿಯ ಮುದ್ರೆಯೊಂದನ್ನು ತಂದಿತು: ಒಂದೇ ಭಟ್ಟಿ, ಒಂದೇ ಹಂಗಾಮು, ಸರ್ಕಾರದ ಕಣ್ಗಾವಲಿನ ಗೋದಾಮಿನಲ್ಲಿ ನಾಲ್ಕು ವರ್ಷ, ಶೇ. 50 ಮದ್ಯಸಾರ. ಇವತ್ತಿಗೂ ಈ ಮಾತಿರುವ ಬಾಟಲಿಗಳು ಅಮೆರಿಕದಲ್ಲಿ ದುಬಾರಿಯೇನಲ್ಲ. ಅಳಿಯನಿಗೆ ಏನು ತಾ ಅಂತ ಹೇಳುವುದೆಂದು ಯೋಚಿಸುತ್ತಿದ್ದರೆ ಇದನ್ನೇ ಹೇಳಿ. ‘ಸ್ಮಾಲ್ ಬ್ಯಾಚ್’ ಅನ್ನುವುದಕ್ಕೆ ಮಾತ್ರ ಕಾನೂನಿನಲ್ಲಿ ಅರ್ಥವೇ ಇಲ್ಲ. ಹತ್ತು ಪೀಪಾಯಿ ಬೆರೆಸಿದರೂ ಸ್ಮಾಲು, ಸಾವಿರ ಬೆರೆಸಿದರೂ ಸ್ಮಾಲು.

“ಬಣ್ಣ ಗಾಢವಾಗಿದ್ದರೆ ಹಳೆಯದು”

ಬೋರ್ಬನ್ ಮಟ್ಟಿಗೆ ಅರ್ಧ ನಿಜ, ಯಾಕೆಂದರೆ ಅದರ ಬಣ್ಣವೆಲ್ಲ ಮರದ್ದೇ. ಸ್ಕಾಚಿಗೂ ನಮ್ಮ ದೇಶದ ವಿಸ್ಕಿ, ರಮ್ಮು, ಬ್ರಾಂದಿಗಳಿಗೂ ಕ್ಯಾರಮೆಲ್ ಬಣ್ಣ ಹಾಕಲು ಅನುಮತಿ ಇದೆ. ಅಲ್ಲಿ ಬಣ್ಣ ನೋಡಿ ವಯಸ್ಸು ಹೇಳುವುದು ಹಚ್ಚಿದ ಕೂದಲು ನೋಡಿ ವಯಸ್ಸು ಹೇಳಿದಂತೆ. ಬ್ರಾಂದಿ ಅಂದಕೂಡಲೇ ದ್ರಾಕ್ಷಿ ಅಂದುಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬ್ರಾಂದಿ, ವಿಸ್ಕಿಗಳ ಬಹುಪಾಲು ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ತಟಸ್ಥ ಸ್ಪಿರಿಟ್. ಯುರೋಪಿನಲ್ಲಿ ಕಾಕಂಬಿಯದ್ದನ್ನು ವಿಸ್ಕಿ ಎಂಬ ಹೆಸರಿನಲ್ಲಿ ಮಾರಲು ಬಿಡುವುದೂ ಇಲ್ಲ.

“ನೀರು ಬೆರೆಸುವವನು ಅರಸಿಕ”

ತಲೆಮಾರುಗಳಿಂದ ನೀರು, ಸೋಡಾ ಬೆರೆಸಿಯೇ ಕುಡಿದುಕೊಂಡು ಬಂದ ನಾಡಿಗೆ ಈಗ ಹೊಸ ರಸಿಕರು ಬಂದು ‘ನೀಟಾಗಿ’ ಕುಡಿಯಿರಿ ಅಂತ ಗದರುತ್ತಿದ್ದಾರೆ. ಆದರೆ ಭಟ್ಟಿಯವರೇ ಪೀಪಾಯಿಯಿಂದ ತೆಗೆದದ್ದಕ್ಕೆ ನೀರು ಸೇರಿಸಿ ಬಾಟಲಿಗೆ ತುಂಬುತ್ತಾರೆ. ಮಿಶ್ರಣ ಹದಮಾಡುವ ತಜ್ಞರು ವಾಸನೆ ಪರೀಕ್ಷಿಸುವಾಗ ಇನ್ನೂ ತೆಳುಮಾಡಿಕೊಳ್ಳುತ್ತಾರೆ, ಖಾರದಲ್ಲಿ ಮೂಗು ಮಂಕಾಗದಿರಲಿ ಅಂತ.

ಇದಕ್ಕೆ ವಿಜ್ಞಾನದ ಒಂದು ವಿವರಣೆಯೂ ಇದೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ವಿಸ್ಕಿಯ ಅಣುಗಳ ನಡೆಯನ್ನು ಲೆಕ್ಕಹಾಕಿ ನೋಡಿದರು. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು, ಮದ್ಯಸಾರ ಹೆಚ್ಚಿದ್ದಾಗ ಅದರೊಳಗೇ ಅಡಗಿರುತ್ತದೆ. ತೆಳುಮಾಡಿದಾಗ ಮೇಲ್ಮೈಗೆ ಬರುತ್ತದೆ, ಅಂದರೆ ಮೂಗಿಗೆ ಹತ್ತಿರ.

ಇದನ್ನು ನಂಬಲು ಲೆಕ್ಕ ಬೇಕಿಲ್ಲ, ಊಟದ ಮೇಜೇ ಸಾಕು. ಒಂದೇ ತರದ ಮೂರು ಚಿಕ್ಕ ಗ್ಲಾಸು ತಗೊಳ್ಳಿ, ಬಾಯಿ ಕೊಂಚ ಕಿರಿದಾಗಿದ್ದರೆ ಒಳ್ಳೆಯದು. ಮೂರಕ್ಕೂ 15 ಮಿಲಿಲೀಟರಿನಂತೆ ಹಾಕಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಒಂದು ಟೀ ಚಮಚ ನೀರು. ಮೂರನೆಯದಕ್ಕೆ ಒಂದು ಐಸ್ ತುಂಡು. ಐದು ನಿಮಿಷ ಬಿಟ್ಟು, ಬಾಯಿ ಚೂರು ತೆರೆದುಕೊಂಡು, ಮೂಗನ್ನು ಗ್ಲಾಸಿನೊಳಕ್ಕೆ ತೂರಿಸದೆ ಅಂಚಿನ ಮೇಲೆ ಹಿಡಿದು ನೋಡಿ. ಮೊದಲನೆಯದು ಮೂಗಿಗೆ ಚುರ್ರೆನ್ನುತ್ತದೆ. ಎರಡನೆಯದರಲ್ಲಿ ವೆನಿಲಾ, ಕಾಯಿಸಿದ ಬೆಲ್ಲ, ಹುರಿದ ಕೊಬ್ಬರಿಯಂಥ ವಾಸನೆ ಬಿಡಿಬಿಡಿಯಾಗಿ ಸಿಗುತ್ತದೆ. ವೆನಿಲಾ ಬರುವುದು ಓಕ್ ಮರದ ಲಿಗ್ನಿನ್ ಕಾದು ಒಡೆದಾಗ, ಕೊಬ್ಬರಿ ಬರುವುದು ಅದೇ ಮರದ ಲ್ಯಾಕ್ಟೋನ್‌ನಿಂದ. ಮೂರನೆಯದರಲ್ಲಿ ವಾಸನೆ ಹೆಚ್ಚೇನೂ ಇಲ್ಲ, ತಣ್ಣಗೆ ಇಳಿಯುತ್ತದೆ, ಅಷ್ಟೆ. ಏಪ್ರಿಲ್ ತಿಂಗಳಿನಲ್ಲಿ ಕಲಬುರಗಿಯಲ್ಲಿ ಕೂತವರಿಗೆ ಅಷ್ಟೇ ಬೇಕಾಗಿದ್ದರೆ ಅದೂ ಸರಿ.

ಐಸ್ ಹಾಕಿದಾಗ ಕೆಲವು ವಿಸ್ಕಿಗಳು ಮಂಜಾಗುತ್ತವೆ. ಕಲಬೆರಕೆ ಅಂತ ಗಾಬರಿಯಾಗಬೇಡಿ. ತಂಪುಮಾಡಿ ಸೋಸದೆ ಬಾಟಲಿಗೆ ತುಂಬಿದ್ದರೆ ಅದರಲ್ಲುಳಿದ ಕೊಬ್ಬಿನಾಮ್ಲದ ಅಂಶಗಳು ಚಳಿಗೆ ಹೀಗೆ ಕಾಣಿಸಿಕೊಳ್ಳುತ್ತವೆ.

ಸಿಹಿ ಬೆರೆಸುವುದೂ ಅಪಚಾರವಲ್ಲ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೆ ಏನೆಂದು ವಿವರಿಸುತ್ತ ಸ್ಪಿರಿಟ್, ಸಕ್ಕರೆ, ನೀರು, ಕಹಿರಸ ಅಂತ ನಾಲ್ಕೇ ಪದಾರ್ಥ ಹೇಳಿತ್ತು. ಇಂದಿನ ‘ಓಲ್ಡ್ ಫ್ಯಾಷನ್ಡ್’ ಇದೇ. ಸಕ್ಕರೆಯ ಬದಲು ಮಲೆನಾಡಿನ ಜೋನಿಬೆಲ್ಲವನ್ನು ಅರ್ಧ ಚಮಚ ಹಾಕಿ ಕದಡಿ, ಮೇಲೆ ಕಿತ್ತಳೆ ಸಿಪ್ಪೆಯನ್ನು ಹಿಂಡಿದರೆ ಬೋರ್ಬನ್ನಿನೊಳಗಿನ ಸಿಹಿಗೂ ಬೆಲ್ಲಕ್ಕೂ ಚೆನ್ನಾಗಿ ಹೊಂದುತ್ತದೆ. ಸಾವಿರಾರು ರೂಪಾಯಿಯ ಬಾಟಲಿಗೆ ಕೋಲಾ ಸುರಿಯುವುದು ನನಗೆ ಸರಿಕಾಣದು. ಆದರೆ ಬಾಟಲಿ ನನ್ನದಲ್ಲವಲ್ಲ.

“ತೊಂಬತ್ತು ಪ್ರೂಫ್ ಅಂದರೆ ನೂರಕ್ಕೆ ತೊಂಬತ್ತು. ಬಿಯರ್ ಬಿಡಿ, ಅದು ಜ್ಯೂಸು”

ಅಮೆರಿಕದ ಪ್ರೂಫ್ ಅಂಕಿಯನ್ನು ಅರ್ಧ ಮಾಡಿದರೆ ಮದ್ಯಸಾರದ ಶೇಕಡಾವಾರು ಸಿಗುತ್ತದೆ. 90 ಪ್ರೂಫ್ ಅಂದರೆ ಶೇ. 45. ನಮ್ಮ ಬಾಟಲಿಗಳ ಮೇಲೆ ಶೇ. 42.8 ಅಂತ ಬರೆದಿರುತ್ತದಲ್ಲ, ಅದು ಬ್ರಿಟಿಷರ ಹಳೆಯ ಅಳತೆಯ 75 ಡಿಗ್ರಿ ಪ್ರೂಫ್. ಅವರ 100 ಪ್ರೂಫ್ ಸುಮಾರು ಶೇ. 57ಕ್ಕೆ ಸಮ. ಎರಡೂ ದೇಶದ ಪ್ರೂಫನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಶೇಕಡಾವಾರನ್ನೇ ನೋಡಿ.

ಇನ್ನು ಬಿಯರ್. 60 ಮಿಲಿಲೀಟರಿನ ಲಾರ್ಜ್ ಪೆಗ್ಗಿನಲ್ಲಿ, ಶೇ. 42.8ರ ಲೆಕ್ಕದಲ್ಲಿ, ಶುದ್ಧ ಮದ್ಯಸಾರ ಸುಮಾರು 20 ಗ್ರಾಂ. ನಮ್ಮಲ್ಲಿ ಹೆಚ್ಚು ಖರ್ಚಾಗುವ 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಶೇ. 8ರದ್ದಾದರೆ ಅದರಲ್ಲಿ 41 ಗ್ರಾಂ. ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಅಂದರೆ ಎರಡು ಲಾರ್ಜ್. ‘ನಾನು ಬಿಯರ್ ಮಾತ್ರ’ ಅಂತ ಎರಡು ಬಾಟಲಿ ಮುಗಿಸಿ ಬೈಕು ಹತ್ತುವವನ ಹೊಟ್ಟೆಯಲ್ಲಿ ನಾಲ್ಕು ಲಾರ್ಜ್ ಇರುತ್ತದೆ. ಈ ಒಂದು ಲೆಕ್ಕ ಬಾರಿನ ಗೋಡೆಯ ಮೇಲೆ ಬರೆದಿರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಮನೆಯಲ್ಲಿ ಇನ್ನೊಂದು ತೊಂದರೆ. ಬಾರಿನಲ್ಲಾದರೆ ಅಳತೆ ಮಾಡಿ ಹಾಕುತ್ತಾರೆ, ಮನೆಯಲ್ಲಿ ಅಂದಾಜು. ಅಗಲ ತಳದ ಗ್ಲಾಸಿನಲ್ಲಿ ಎರಡು ಬೆರಳು ಅಂತ ಸುರಿದದ್ದು ಸಲೀಸಾಗಿ ‘ನೈಂಟಿ’ ದಾಟುತ್ತದೆ. ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆ ಹಾಕಿದ ಪ್ಲಾಸ್ಟಿಕ್ ಬಟ್ಟಲು ಇದಕ್ಕೆ ಸಾಕು.

“ಇಟ್ಟಷ್ಟೂ ಬೆಲೆ, ಇಟ್ಟಷ್ಟೂ ರುಚಿ”

ವೈನಿಗೂ ವಿಸ್ಕಿಗೂ ಇಲ್ಲಿ ಹೋಲಿಕೆ ಬೇಡ. ಪೀಪಾಯಿ ಬಿಟ್ಟ ಕ್ಷಣವೇ ವಿಸ್ಕಿಯ ಮಾಗುವಿಕೆ ನಿಂತಿತು. ಹನ್ನೆರಡು ವರ್ಷದ ಬಾಟಲಿಯನ್ನು ಬೀರುವಿನಲ್ಲಿ ಹತ್ತು ವರ್ಷ ಇಟ್ಟರೂ ಅದು ಹನ್ನೆರಡು ವರ್ಷದ್ದೇ. ಮಲಗಿಸಿ ಇಡುವುದು ಇನ್ನೂ ತಪ್ಪು, ಮದ್ಯಸಾರ ತಾಗಿ ಕಾರ್ಕು ಹಾಳಾಗುತ್ತದೆ. ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಟ್ಟರೆ ಸಾಕು. ಫ್ರಿಜ್ ಬೇಡ. ಮುಕ್ಕಾಲು ಖಾಲಿಯಾದ ಬಾಟಲಿಯೊಳಗೆ ಗಾಳಿ ಹೆಚ್ಚು, ಕೆಲವು ತಿಂಗಳಲ್ಲಿ ವಾಸನೆ ಮಂಕಾಗುತ್ತದೆ. ನೆಂಟರಿಗೆಂದು ತಳದಲ್ಲಿ ಎರಡು ಪೆಗ್ ಉಳಿಸಿ ವರ್ಷಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ.

ಸಿನಿಮಾದ ಸಾಹುಕಾರರ ಮನೆಯಲ್ಲಿರುವಂಥ ಕೆತ್ತನೆಯ ಕ್ರಿಸ್ಟಲ್ ಹೂಜಿ ನೋಡಲು ಚೆಂದ. ಆದರೆ ಹಳೆಯ ಕ್ರಿಸ್ಟಲ್‌ನ ಹೊಳಪು ಸೀಸದ್ದು. 1991ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಹೂಜಿಗಳಲ್ಲಿಟ್ಟ ಮದ್ಯಕ್ಕೆ ಸೀಸ ಇಳಿಯುವುದನ್ನು ತೋರಿಸಿದರು. ದೀರ್ಘಕಾಲ ಇಟ್ಟ ಬ್ರಾಂದಿಯಲ್ಲಿ ಅದರ ಮಟ್ಟ ಬಹಳ ಏರಿತ್ತು. ಬಡಿಸುವ ಹೊತ್ತಿಗೆ ಹೂಜಿಗೆ ಹಾಕಿ, ಉಳಿದದ್ದು ಬಾಟಲಿಯಲ್ಲೇ ಇರಲಿ.

“ನೆಗಡಿಗೆ ಬ್ರಾಂದಿ, ಚಳಿಗೆ ರಮ್ಮು”

ಎರಡನೆಯ ಜಾತಿಯ ನಂಬಿಕೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಇದೇ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಬಿಸಿರಕ್ತ ಹೊರಮೈಗೆ ಬರುತ್ತದೆ, ಮುಖ ಬೆಚ್ಚಗಾಗುತ್ತದೆ. ಆ ಬಿಸಿ ಹಾಗೇ ಹೊರಗೆ ಹೋಗುತ್ತದೆ. ಬೆಚ್ಚಗಾಯಿತು ಅನಿಸುವಾಗಲೇ ಮೈ ತಣ್ಣಗಾಗುತ್ತಿರುತ್ತದೆ. ನೆಗಡಿಯ ವೈರಸ್‌ಗೆ ಬ್ರಾಂದಿಯಿಂದ ಏನೂ ಆಗದು. ಮೆಣಸು ಹಾಕಿ ಕಾಯಿಸಿದ ರಮ್ಮಿನಿಂದ ಗಂಟಲಿಗೆ ಹಿತವಾದರೆ ಅದು ಮೆಣಸು ಮತ್ತು ಬಿಸಿನೀರಿನ ಕೆಲಸ, ಅದಕ್ಕೆ ರಮ್ಮು ಬೇಕಿಲ್ಲ.

ಶೀತವಾದ ಮಗುವಿಗೆ ಬೆರಳಲ್ಲಿ ಬ್ರಾಂದಿ ಅದ್ದಿ ನೆಕ್ಕಿಸುವ ಅಜ್ಜಿಯರು ಇನ್ನೂ ಇದ್ದಾರೆ. ಅಜ್ಜಿಯ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಮಗುವಿನ ಮೈಯಲ್ಲಿ ಸಕ್ಕರೆಯ ಅಂಶ ಕುಸಿಯಲು ಸ್ವಲ್ಪ ಮದ್ಯವೂ ಸಾಕು. ಇದನ್ನು ಮುಲಾಜಿಲ್ಲದೆ ನಿಲ್ಲಿಸಬೇಕು.

ಹೃದಯಕ್ಕೆ ದಿನಾ ಒಂದು ಪೆಗ್ ಒಳ್ಳೆಯದೆಂಬ ಮಾತಿಗೂ ಈಗ ಬಲವಿಲ್ಲ. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ರುಚಿಗೆ ಕುಡಿಯುವವನು ರುಚಿಗೆ ಅಂತ ಹೇಳಿಬಿಡಲಿ, ಔಷಧಿಯ ನೆಪ ಬೇಡ.

“ಮಜ್ಜಿಗೆ ಕುಡಿದರೆ ಇಳಿಯುತ್ತೆ. ಬೆರಕೆ ಮಾಡಿದರೆ ಏರುತ್ತೆ”

ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ, ಯಾವುದರಿಂದಲೂ ಅಮಲು ಬೇಗ ಇಳಿಯದು. ಯಕೃತ್ತು ತನ್ನ ಪಾಡಿಗೆ ಗಂಟೆಗೆ ಹೆಚ್ಚೂಕಡಿಮೆ 7ರಿಂದ 10 ಗ್ರಾಂ ಮದ್ಯಸಾರ ಅರಗಿಸುತ್ತದೆ. ಒಂದು ಲಾರ್ಜ್‌ಗೆ ಎರಡು ಮೂರು ಗಂಟೆ. ಕಾಫಿಯಿಂದ ನಿದ್ದೆ ಹಾರೀತು, ಅಮಲು ಹಾಗೇ ಇರುತ್ತದೆ. ಎಚ್ಚರವಿರುವ ಅಮಲುಗಾರ ಗಾಡಿ ಓಡಿಸುವ ಧೈರ್ಯ ಮಾಡುತ್ತಾನೆ, ಅದು ಇನ್ನೂ ಕೆಟ್ಟದ್ದು. ಊಟವನ್ನು ಮೊದಲೇ ಮಾಡಿದರೆ ಉಪಯೋಗ ಉಂಟು. ಹೊಟ್ಟೆ ತುಂಬಿದ್ದರೆ ಮದ್ಯ ರಕ್ತಕ್ಕೆ ಸೇರುವುದು ನಿಧಾನ.

ಬಿಯರ್ ಮೊದಲೋ ವಿಸ್ಕಿ ಮೊದಲೋ ಅನ್ನುವ ಜಿಜ್ಞಾಸೆಯಲ್ಲೂ ಹುರುಳಿಲ್ಲ. 2019ರಲ್ಲಿ ಜರ್ಮನಿಯಲ್ಲಿ ಬಿಯರ್ ಮತ್ತು ವೈನ್ ಇಟ್ಟು ಪ್ರಯೋಗ ಮಾಡಿದವರಿಗೆ ಮಾರನೆಯ ದಿನದ ತಲೆನೋವಿನಲ್ಲಿ ಕುಡಿದ ಕ್ರಮದಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹಾಗಂತ ಯಾವ ಮದ್ಯವಾದರೂ ಒಂದೇ ಅಂತಲ್ಲ. 2010ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಒಂದು ರಾತ್ರಿ ಬೋರ್ಬನ್, ಇನ್ನೊಂದು ರಾತ್ರಿ ವೋಡ್ಕಾ ಕೊಟ್ಟು ನೋಡಿದಾಗ ಬೋರ್ಬನ್ ಕುಡಿದ ಮರುದಿನದ ಸಂಕಟವೇ ಹೆಚ್ಚಿತ್ತು. ವೋಡ್ಕಾಗಿಂತ ಬೋರ್ಬನ್‌ನಲ್ಲಿ ಮದ್ಯಸಾರದ ಹೊರತಾದ ಉಪಪದಾರ್ಥಗಳು 37 ಪಟ್ಟು. ಆ ವಾಸನೆ, ಆ ಬಣ್ಣ ಎಲ್ಲ ಅವುಗಳದ್ದೇ ಕೊಡುಗೆ. ಆದರೆ ಬುದ್ಧಿ ಮಂದವಾದದ್ದು ಎರಡು ರಾತ್ರಿಯೂ ಸಮಸಮ.

“ಮನೆಯಲ್ಲಿ ಇಳಿಸಿದ್ದು ಶುದ್ಧ. ನೀಲಿ ಜ್ವಾಲೆ ಬಂದರೆ ಭಯವಿಲ್ಲ”

ಕಟ್ಟಕಡೆಗೆ ಜೀವಕ್ಕೇ ಬರುವ ನಂಬಿಕೆ. ಮನೆಯಲ್ಲಿ ಕುಡಿಯುವುದು ಬೇರೆ, ಮನೆಯಲ್ಲಿ ಭಟ್ಟಿ ಇಳಿಸುವುದು ಬೇರೆ. ಪರವಾನಗಿಯಿಲ್ಲದೆ ಇಳಿಸುವುದು ಕರ್ನಾಟಕದಲ್ಲಿ ಅಪರಾಧ. ಅದಿರಲಿ, ಚಮಚಕ್ಕೆ ಹಾಕಿ ಬೆಂಕಿ ಹಚ್ಚಿ ನೋಡುವ ಪರೀಕ್ಷೆ ಇದೆಯಲ್ಲ, ಅದು ದೊಡ್ಡ ಮೋಸ. ಕುಡಿಯುವ ಎಥನಾಲ್ ನೀಲಿಯಾಗಿ ಉರಿಯುತ್ತದೆ. ಕೊಲ್ಲುವ ಮೆಥನಾಲ್ ಕೂಡ ನೀಲಿಯಾಗಿಯೇ ಉರಿಯುತ್ತದೆ. ವಾಸನೆ, ರುಚಿಯಲ್ಲೂ ಬೇರೆಮಾಡಲಾಗದು.

1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು. ಇಂಥ ದುರಂತಗಳಲ್ಲಿ ಕೊಲ್ಲುವುದು ಬಹುಮಟ್ಟಿಗೆ ಕಿಕ್ ಹೆಚ್ಚಲೆಂದೋ ಖರ್ಚು ಉಳಿಯಲೆಂದೋ ಬೆರೆಸಿದ ಕೈಗಾರಿಕೆಯ ಮೆಥನಾಲ್. ಅದು ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ.

ಕುಡಿದ ಕೂಡಲೇ ಏನೂ ಗೊತ್ತಾಗುವುದಿಲ್ಲ, ಸಾಮಾನ್ಯ ಅಮಲಿನಂತೆಯೇ ಇರುತ್ತದೆ. ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣು ಮಂಜು ಶುರುವಾಗುತ್ತದೆ. ಆಗ ಮಲಗಿಸಿ ಮಜ್ಜಿಗೆ ಕುಡಿಸುತ್ತ ಕೂರದೆ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು, ಏನು ಕುಡಿದದ್ದೆಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಜೊತೆಗೆ ಕೂತು ಕುಡಿದವರನ್ನೂ, ಅವರಿಗೆ ಇನ್ನೂ ಏನೂ ಆಗಿರದಿದ್ದರೂ, ಅದೇ ಗಾಡಿಯಲ್ಲಿ ಕರೆದೊಯ್ಯಬೇಕು.